ಬಚ್ಚಲುಮನೆಯ ಅತಿಥಿ

ಮನೆಯಿಂದ,
ಹದಿನಾರನೇ ತಾರೀಖು, ಮಂಗಳವಾರ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನೀನು ಹೇಗಿದ್ದೀಯ? ಹೋದ ವಾರ ಫೋನಿನಲ್ಲಿ ಕೆಮ್ಮುತ್ತಿದ್ದೆಯಲ್ಲ, ನಿಂತಿತೇ? ಹೊಸ ಮನೆಯ ಸಿಮೆಂಟಿನ ಧೂಳು ಗಂಟಲಿಗೆ ಒಳ್ಳೆಯದಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಗುಡಿಸು. ಅಳಿಯಂದಿರ ಬೆನ್ನು ಹೇಗಿದೆ? ಬೀರು ತಾನೊಬ್ಬನೇ ಎತ್ತುತ್ತೇನೆಂದು ಹಟ ಹಿಡಿದರಂತೆ. ಗಂಡಸರಿಗೆ ಬುದ್ಧಿ ಹೇಳುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ನನ್ನ ಮಂಡಿ ಇದ್ದ ಹಾಗೇ ಇದೆ, ಕೂತರೆ ಏಳುವುದಿಲ್ಲ, ಎದ್ದರೆ ಕೂರುವುದಿಲ್ಲ. ಲಾಂಡ್ರಿಯಲ್ಲಿ ಚಳಿಗಾಲದ ಕೋಟುಗಳು ಬಂದು ಬೀಳುತ್ತಿವೆ. ಒಂದೊಂದು ಕೋಟಿನ ಜೇಬಿನಲ್ಲೂ ಒಂದೊಂದು ಸಂಸಾರ ಇರುತ್ತದೆ ಕಣೇ, ಅದನ್ನೆಲ್ಲ ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ನೀನು ಎರಡು ಪ್ರಶ್ನೆ ಕೇಳಿದ್ದೆ. ಒಂದು, "ಅಮ್ಮಾ, ಮನೇಲಿ ಯಾರಾದ್ರೂ ಬಂದು ಉಳ್ಕೊಂಡಿದಾರಾ? ತೂಕದ ಮಷೀನು ದಿನಾ ಅತಿಥಿ ಅತಿಥಿ ಅಂತ ತೋರಿಸ್ತಿದೆ." ಇನ್ನೊಂದು, ಮೆಟ್ಟಿಲ ಪಕ್ಕದ ಎತ್ತರದ ಗೋಡೆಗೆ ಬಣ್ಣ ಹೊಡೆಯಲು ಅಪ್ಪ ಯಾವಾಗ ಬರುತ್ತಾರೆ ಎಂದು. ಎರಡಕ್ಕೂ ನಾನು ಹೆಬ್ಬೆಟ್ಟಿನ ಚಿತ್ರ ಕಳಿಸಿ ಸುಮ್ಮನಾದೆ. ಅಮ್ಮನಿಗೆ ಕೋಪ ಎಂದು ನೀನು ಅಂದುಕೊಂಡಿರಬಹುದು. ಕೋಪವಲ್ಲ ತಾಯಿ. ನಿನ್ನ ಎರಡು ಪ್ರಶ್ನೆಗೂ ಒಂದೇ ಉತ್ತರ, ಮತ್ತು ಆ ಉತ್ತರ ನನಗೇ ಗೊತ್ತಿರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಇರುವುದು ಎರಡು ಕೋಣೆ, ನನ್ನ ಗಂಟಲೋ ಫೋನಿಲ್ಲದಿದ್ದರೂ ನಿನಗೆ ಕೇಳಿಸುವಂಥದ್ದು. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ನಿಮ್ಮಪ್ಪ ನಿನ್ನ ಮನೆಗೆ ಬಂದು ಏಣಿ ಹತ್ತುತ್ತಾರೋ ಇಲ್ಲವೋ ಎಂಬುದು ನೀನು ಕಳಿಸಿದ ಆ ತೂಕದ ಯಂತ್ರದ ಮೇಲೆ ನಿಂತಿತ್ತು ಎಂದರೆ ನಗುತ್ತೀಯ. ಮೊದಲು ಪೂರ್ತಿ ಓದು, ಆಮೇಲೆ ನಗು.

ಆ ಯಂತ್ರ ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಗಾಜಿನ ಒಂದು ಹಲಗೆ, ಮೇಲೆ ನಿಂತರೆ ನಂಬರು. ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಅದು ಆ ನಂಬರನ್ನು ತೆಗೆದುಕೊಂಡು ಹೋಗಿ ನನ್ನ ಫೋನಿಗೂ ಅಷ್ಟು ದೂರದಲ್ಲಿರುವ ನಿನ್ನ ಫೋನಿಗೂ ಹಾಕುತ್ತದಲ್ಲ, ಅದಕ್ಕೆ ನಮ್ಮ ಕಡೆ ಚಾಡಿ ಹೇಳುವುದು ಅನ್ನುತ್ತಾರೆ. ಅಮ್ಮನ ಮಂಡಿಗೆ ಒಳ್ಳೆಯದಾಗಲಿ ಎಂದು ಕಳಿಸಿದೆ, ಗೊತ್ತು. ನನ್ನ ತೂಕವನ್ನು ಇಲ್ಲಿ ಬರೆಯುವುದಿಲ್ಲ, ನೀನು ಹುಟ್ಟಿದ ಮೇಲೆ ನಿಮ್ಮಪ್ಪನನ್ನು ದಾಟಿದವಳು ಇನ್ನೂ ಹಿಂದಿರುಗಿಲ್ಲ ಅಂದರೆ ಸಾಕು. ನೀನೇ ಬಂದು ಅದರಲ್ಲಿ ಅಮ್ಮ ಒಬ್ಬಳು, ಅಪ್ಪ ಒಬ್ಬರು ಎಂದು ಹೆಸರು ಹಾಕಿಕೊಟ್ಟೆ. ನಮ್ಮಿಬ್ಬರ ತೂಕಕ್ಕೆ ಹತ್ತಿರವಿಲ್ಲದ ಯಾರು ನಿಂತರೂ ಅದು ಅತಿಥಿ ಎಂದು ಬರೆದುಕೊಳ್ಳುತ್ತದೆ ಎಂದೂ ಹೇಳಿದೆ. ನಾನು ಕೇಳಿಸಿಕೊಂಡೆ. ನಿಮ್ಮಪ್ಪ ಆಗ ಹಿತ್ತಲಲ್ಲಿ ಬ್ರಷ್ಷು ತೊಳೆಯುತ್ತಿದ್ದರು. ಅವರ ಪಾಲಿಗೆ ತೂಕದ ಯಂತ್ರ ಅಂದರೆ ಅಂಗಡಿಯ ತಕ್ಕಡಿ, ಸಾಮಾನು ಇಳಿಸಿದರೆ ಮುಳ್ಳು ಸೊನ್ನೆಗೆ ಬಂತು, ಲೆಕ್ಕ ಮುಗಿಯಿತು. ಅವರ ಬಟನ್ ಫೋನಿಗೆ ಯಾವ ಚಾಡಿಯೂ ಬರುವುದಿಲ್ಲವಲ್ಲ.

ನಿನ್ನ ಮೆಸೇಜು ನೋಡಿದ ಮೇಲೆ ನಾನೂ ಫೋನು ತೆಗೆದು ನೋಡಿದೆ. ಹೌದು, ಅತಿಥಿ. ಐವತ್ತೆಂಟು ಕೆ.ಜಿ. ಮಾರನೆಯ ದಿನ ಅತಿಥಿ, ಐವತ್ತೈದು. ಅದರ ಮಾರನೆಯ ದಿನ ಒಂದೇ ಬೆಳಿಗ್ಗೆಯಲ್ಲಿ ಅತಿಥಿ ಅರವತ್ತು, ಅತಿಥಿ ಐವತ್ತೇಳು, ಅತಿಥಿ ಅರವತ್ತೆರಡು. ಮೊದಲು ಯಂತ್ರಕ್ಕೇ ತಲೆ ಕೆಟ್ಟಿದೆ ಎಂದುಕೊಂಡೆ. ಸೆಲ್ಲು ಬದಲಾಯಿಸಿದೆ. ಬಚ್ಚಲಿನ ಕಲ್ಲು ಓರೆಯಿರಬಹುದೆಂದು ನಡುಮನೆಗೆ ತಂದಿಟ್ಟು ನೋಡಿದೆ. ಹತ್ತು ಕೆ.ಜಿ. ಹಿಟ್ಟಿನ ಚೀಲ ಒಡೆಯದೆ ಇಟ್ಟೆ, ಹತ್ತು ಎಂದಿತು. ಲಾಂಡ್ರಿಯಿಂದ ಹಳೆಯ ಇಸ್ತ್ರಿ ಪೆಟ್ಟಿಗೆ ತಂದು ಇಟ್ಟೆ, ಅಂಗಡಿಯ ತಕ್ಕಡಿ ಹೇಳಿದ್ದನ್ನೇ ಇದೂ ಹೇಳಿತು. ನಾನೇ ಹತ್ತಿ ಇಳಿದು ಹತ್ತಿ ಇಳಿದು ನೋಡಿದೆ, ಒಂದು ಸಲವಾದರೂ ಕಮ್ಮಿ ಹೇಳಲಿ ಎಂಬ ಆಸೆಯೂ ಇತ್ತು ಅನ್ನು. ಒಂದು ಗುಂಜಿ ಕದಲಲಿಲ್ಲ. ಯಂತ್ರ ಸರಿಯಿದೆ ಅಂದಮೇಲೆ ಮನೆಯಲ್ಲಿ ಏನೋ ಸರಿಯಿಲ್ಲ. ಮತ್ತೆ ಈ ಅತಿಥಿಗಳೆಲ್ಲ ಬರುತ್ತಿದ್ದದ್ದು ಬೆಳಿಗ್ಗೆ, ನಾನು ಲಾಂಡ್ರಿಗೆ ಹೊರಟ ಮೇಲೆ.

ನಗಬೇಡ ಅಂದೆನಲ್ಲ. ನಿನ್ನ ಅಮ್ಮ ಇಷ್ಟು ವರ್ಷ ಲಾಂಡ್ರಿಯ ಕೌಂಟರಿನಲ್ಲಿ ಕೂತವಳು. ಕಾಲರಿನ ಕಲೆ ನೋಡಿ ಸಂಸಾರ ಹೇಳಬಲ್ಲೆ. ಹೆಂಡತಿ ತಂದ ಅಂಗಿಯ ಜೇಬಿನಲ್ಲಿ ಬೇರೊಬ್ಬಳ ಕಿವಿಯೋಲೆ ಸಿಕ್ಕಿದಾಗ ಅದನ್ನು ಯಾರ ಕೈಗೆ ಕೊಡಬೇಕು, ಯಾರ ಕೈಗೆ ಕೊಡಬಾರದು ಎಂಬುದೂ ನನಗೆ ಗೊತ್ತು. ಅಂಥವಳ ಮನೆಯಲ್ಲೇ ಐವತ್ತೆಂಟು ಕೆ.ಜಿ.ಯ ಅತಿಥಿ. ಮೇಲಿನ ಮನೆಯ ಹೊಲಿಗೆಯವಳು ಕಣ್ಣಳತೆಯಲ್ಲಿ ಅಷ್ಟೇ ಇದ್ದಾಳೆ. ಗಂಡನಿಲ್ಲ, ಬೆಳಗಿನ ಹೊತ್ತು ಅವಳಿಗೂ ಬಿಡುವು. ಮೊನ್ನೆಯಷ್ಟೇ ಉಳಿದ ಪೇಂಟು ಇದ್ದರೆ ಕೊಡಿ ಎಂದು ಬಂದಿದ್ದಳು, ನಿಮ್ಮಪ್ಪ ಡಬ್ಬದ ಜೊತೆ ಒಂದು ಬ್ರಷ್ಷನ್ನೂ ಕೊಟ್ಟು ಕಳಿಸಿದರು. ಯಾರಿಗೂ ಬ್ರಷ್ಷು ಮುಟ್ಟಲು ಬಿಡದ ಮನುಷ್ಯ. ಆದರೆ ಐವತ್ತೆಂಟು ಅವಳಾದರೆ ಅರವತ್ತೆರಡು ಯಾರು? ಐವತ್ತೈದು ಯಾರು? ನಾನು ಅತ್ತ ಹೋದೊಡನೆ ಇವರು ಇತ್ತ ಛತ್ರ ತೆರೆಯುತ್ತಾರೆಯೇ, ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ ತೂಕ ಹಾಕಿ ಕಳಿಸುತ್ತಾರೆಯೇ ಎಂದೆಲ್ಲ ಯೋಚನೆ ಬಂತು. ಅರವತ್ತಕ್ಕೆ ಅರಳುಮರಳು ಅನ್ನುತ್ತಾರೆ, ಅದು ಅವರಿಗೋ ನನಗೋ ಎಂಬುದೇ ತಿಳಿಯದಾಯಿತು.

ಒಮ್ಮೆ ಅನುಮಾನ ಹೊಕ್ಕಿತೆಂದರೆ ಕಂಡದ್ದೆಲ್ಲ ಸಾಕ್ಷಿಯೇ. ನಿಂತುಕೊಂಡೇ ಪ್ಯಾಂಟು ಹಾಕಿಕೊಳ್ಳುತ್ತಿದ್ದವರು ಈಗ ಮಂಚದ ಮೇಲೆ ಕೂತು, ಒಂದೊಂದೇ ಕಾಲು ತೂರಿಸಿ, ದೊರೆಯಂತೆ ಹಾಕಿಕೊಳ್ಳುತ್ತಾರೆ. ಬಲ್ಬು ಕೆಟ್ಟರೆ ಸ್ಟೂಲು ಹತ್ತಿ ಹಾಕುತ್ತಿದ್ದವರು "ಕತ್ತಲೇನೇ ಚೆನ್ನಾಗಿದೆ ಬಿಡು" ಅನ್ನುತ್ತಾರೆ. ಮನೆಯಲ್ಲಿ ಬೇರೆ ಯಾರೂ ಇಲ್ಲದಾಗಲೂ ಬಚ್ಚಲಿನ ಚಿಲಕ ಹಾಕಿಕೊಂಡಿರುತ್ತಾರೆ ಎಂಬುದು ಒಂದು ದಿನ ಮರೆತ ಕನ್ನಡಕಕ್ಕೆ ಹಿಂದಿರುಗಿದಾಗ ತಿಳಿಯಿತು. ವಾಶ್‌ಬೇಸಿನ್ನಿನ ಕೆಳಗೆ ಗಾರೆ ಉದುರಿ ಬಿದ್ದಿತ್ತು, ಕೇಳಿದರೆ ಹಳೆಯ ಬೇಸಿನ್ನು ಎಂದರು, ಸಂಜೆಯೊಳಗೆ ಹೊಸ ಗಾರೆ ಮೆತ್ತಿದ್ದರು. "ಒಂದ್ಸಲ ತೂಕ ನೋಡ್ಕೊಳ್ರೀ" ಎಂದು ಭಾನುವಾರ ನಾನಾಗಿಯೇ ಕರೆದೆ, ಪರೀಕ್ಷೆ ಮಾಡೋಣವೆಂದು. "ನಂಗ್ಯಾಕೆ ತೂಕ, ನಾನೇನು ಮೂಟೇನಾ" ಎಂದು ಪೇಪರು ಮುಖಕ್ಕೆ ಹಿಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ.

ಎಲ್ಲಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದಕ್ಕೆ. ಬೀದಿಯಲ್ಲಿ ನಡೆಯುವಾಗ ನಿಮ್ಮಪ್ಪ ನನ್ನ ಕೈ ಹಿಡಿದುಕೊಳ್ಳಲು ಶುರು ಮಾಡಿದ್ದರು. ಮದುವೆಯಾದ ಹೊಸದರಲ್ಲೂ ನನಗಿಂತ ಹತ್ತು ಮಾರು ಮುಂದೆ ನಡೆದವರು, ಈಗ ಎಲ್ಲರೆದುರಿಗೆ ತರಕಾರಿ ಚೀಲದ ಜೊತೆ ನನ್ನ ಮೊಣಕೈಯನ್ನೂ ಹಿಡಿದುಕೊಂಡು ಬರುತ್ತಾರೆ. ಒಂದು ಕ್ಷಣ ಮನಸ್ಸು ಕರಗಿತ್ತು, ಸುಳ್ಳೇಕೆ ಹೇಳಲಿ. ಆಮೇಲೆ ಕೌಂಟರಿನ ಬುದ್ಧಿ ಎಚ್ಚೆತ್ತಿತು. ತಪ್ಪು ಮಾಡಿದ ಗಂಡ ಇದ್ದಕ್ಕಿದ್ದಂತೆ ಪ್ರೀತಿ ತೋರಿಸುತ್ತಾನೆ, ಹೆಂಡತಿಯ ಸೀರೆಗಳನ್ನು ತಾನೇ ಹೊತ್ತು ತಂದು ಡ್ರೈವಾಶಿಗೆ ಕೊಡುತ್ತಾನೆ, ನಾನು ನೋಡದ್ದೇ? ಆ ದಿನ ಕೈ ಕೊಡವಿಕೊಂಡೆ. ಅವರು ಪಕ್ಕದ ಕಾಂಪೌಂಡಿನ ಗೋಡೆ ಹಿಡಿದು ನಿಂತರು, ನಾನು ತಿರುಗಿ ನೋಡದೆ ನಡೆದುಬಿಟ್ಟೆ.

ಹೋದ ಬುಧವಾರ ತಡೆಯಲಾಗಲಿಲ್ಲ. ಲಾಂಡ್ರಿ ಯಜಮಾನರಿಗೆ ಹೊಟ್ಟೆನೋವೆಂದು ಹೇಳಿ ಅರ್ಧಕ್ಕೇ ಎದ್ದು ಬಂದೆ. ಚಪ್ಪಲಿ ಕೈಯಲ್ಲಿ ಹಿಡಿದು ಬೀಗದ ಕೈ ಸದ್ದಾಗದಂತೆ ತಿರುಗಿಸಿ ಒಳಗೆ ಬಂದರೆ ಬಚ್ಚಲಿನ ಚಿಲಕ ಹಾಕಿದೆ. ಒಳಗಿನಿಂದ ಏದುಸಿರು. ಅದೇ ಚಪ್ಪಲಿಯಿಂದ ಬಾಗಿಲಿಗೆ ಬಡಿದು ಯಾರಿದ್ದಾರೆ ಒಳಗೆ ಎಂದು ಕೂಗಿದೆ. "ನಾನೇ ಕಣೇ, ಇನ್ಯಾರು." ಬಾಗಿಲು ತೆಗೀರಿ ಎಂದೆ. "ಈಗ ತೆಗಿಯಕ್ಕಾಗಲ್ಲ, ಒಂಚೂರು ತಾಳು." ಪುಟ್ಟಿ, ತಾಳು ಅಂದರು ನೋಡು, ಆಗ ನನಗೆ ಎಲ್ಲ ಮುಗಿಯಿತು ಅನ್ನಿಸಿಬಿಟ್ಟಿತು. ನಿನ್ನ ಹತ್ತಿರ ಬಂದು ಇದ್ದುಬಿಡುವುದು, ಪಾತ್ರೆಗಳಲ್ಲಿ ಯಾವುದು ನನ್ನದು ಯಾವುದು ಅವರದು, ಅಲ್ಲಿಯವರೆಗೂ ಯೋಚನೆ ಓಡಿತು. ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು. ನಾನು ಅವರನ್ನು ನೋಡಲೇ ಇಲ್ಲ, ನೇರವಾಗಿ ನೀರಿನ ಡ್ರಮ್ಮಿನ ಹಿಂದೆ ನೋಡಿದೆ, ಪರದೆ ಎತ್ತಿ ನೋಡಿದೆ. ಕಿಟಕಿಯಲ್ಲಿ ಬೆಕ್ಕೂ ತೂರುವಂತಿಲ್ಲ. ಆಮೇಲೆ ಅವರ ಕಡೆ ತಿರುಗಿದೆ. ಬನಿಯನ್ನು ಬೆವರಿನಿಂದ ಒದ್ದೆ. ಎರಡು ಕೈಯಲ್ಲೂ ಬೇಸಿನ್ನಿನ ಅಂಚು ಹಿಡಿದು ನಿಂತಿದ್ದರು, ಬೆರಳೆಲ್ಲ ಬಿಳುಚಿಕೊಂಡಿದ್ದವು. ಅಲ್ಲಿಂದ ಚಿಲಕಕ್ಕೆ ಒಂದು ಕೈ ಚಾಚಲು ಅವರಿಗೆ ಅಷ್ಟು ಹೊತ್ತು ಬೇಕಾಗಿತ್ತು. ಕಾಲ ಬಳಿ ಯಂತ್ರದಲ್ಲಿ ಐವತ್ತೆಂಟು ಮಿನುಗುತ್ತಿತ್ತು.

ಅತಿಥಿ ನಿಮ್ಮಪ್ಪನೇ ಕಣೇ. ಶಾಲೆಯ ಹಾಲಿಗೆ ಬಣ್ಣ ಹೊಡೆಯುವಾಗ ಒಂದು ದಿನ ಹಲಗೆಯ ಮೇಲೆ ತಲೆ ತಿರುಗಿ ಬಿದ್ದರಂತೆ. ಹೆಚ್ಚು ಎತ್ತರವಿರಲಿಲ್ಲ, ಪೆಟ್ಟಾಗಲಿಲ್ಲ, ಹೇಳಲೂ ಇಲ್ಲ. ಬೀದಿ ತಿರುವಿನ ಡಾಕ್ಟರು ನೋಡಿ ಕಿವಿಯ ಒಳಗಡೆ ಏನೋ ತೊಂದರೆ, ಮೈ ನೆಟ್ಟಗಿದೆಯೋ ವಾಲಿದೆಯೋ ಎಂಬುದನ್ನು ಅದು ಸರಿಯಾಗಿ ಹೇಳುತ್ತಿಲ್ಲ, ದಿನಾ ಏನನ್ನೂ ಹಿಡಿದುಕೊಳ್ಳದೆ ನಿಲ್ಲುವ ಅಭ್ಯಾಸ ಮಾಡಿ ಎಂದರಂತೆ. ಬೇಸಿನ್ನು ಹಿಡಿದು ನಿಂತು ಅಭ್ಯಾಸ ಮಾಡುವಾಗ ಒಂದು ದಿನ ಕಾಲು ಯಂತ್ರದ ಮೇಲಿತ್ತು. ಎಪ್ಪತ್ತೊಂದು ಇರಬೇಕಾದಲ್ಲಿ ಐವತ್ತೈದು. ಆಗ ಹೊಳೆಯಿತಂತೆ. "ಉಳಿದಿದ್ದನ್ನ ಈ ಬೇಸಿನ್ನೇ ಹೊತ್ಕೊಂಡಿದೆ ಕಣೇ. ಕೈ ಸಡಿಲ ಬಿಟ್ಟಷ್ಟೂ ನಂಬರು ಏರುತ್ತೆ. ಎಪ್ಪತ್ತೊಂದು ಬಂದ ದಿನ ನಾನು ನನ್ನ ಕಾಲ ಮೇಲೇ ನಿಂತ ಹಾಗೆ." ಹತ್ತುವುದು, ನಿಲ್ಲುವುದು, ಇಳಿದು ಸ್ಟೂಲಿನ ಮೇಲೆ ಕೂತು ನಂಬರು ಆರುವ ಮೊದಲು ಬಗ್ಗಿ ನೋಡುವುದು, ಮತ್ತೆ ಹತ್ತುವುದು. ದಿನಕ್ಕೆ ಅಷ್ಟೊಂದು ಜನ ಅತಿಥಿಗಳು ಬಂದದ್ದು ಹಾಗೆ.

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದರೆ ಮಗಳ ಮನೆಗೆ ಕಳಿಸುತ್ತಿದ್ದೆಯಾ ಎಂದು ತಿರುಗಿ ಕೇಳಿದರು. "ಊರಿನವರ ಗೋಡೆಗೆಲ್ಲ ಬಳಿದು, ಮಗಳ ಮನೆ ಗೋಡೆಗೆ ಇನ್ಯಾವನೋ ಬಳೀತಾ ಇದ್ರೆ ನಾನು ಕೆಳಗೆ ಕೂತು ನೋಡ್ಲಾ?" ನನಗೆ ಬೈಯಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಬೀದಿಯಲ್ಲಿ ಕೈ ಕೊಡವಿಕೊಂಡದ್ದು ನೆನಪಾಗಿ ಅವರ ಮೊಣಕೈ ಹಿಡಿದುಕೊಂಡೆ. ಮನೆಗೆ ಯಾವಳೋ ಬರುತ್ತಾಳೆಂದು ಅನುಮಾನಪಟ್ಟದ್ದನ್ನೂ ಹೇಳಿಬಿಟ್ಟೆ. ಅವರಿಗೆ ನಗು ತಡೆಯಲಾಗಲಿಲ್ಲ, ಬೇಸಿನ್ನು ಅಲುಗಾಡುವ ಹಾಗೆ ನಕ್ಕರು. "ಯಾರಾದ್ರೂ ಬಂದಿದ್ರೆ ಹಿಡ್ಕೊಂಡು ನಿಲ್ಲಕ್ಕಾದ್ರೂ ಆಗ್ತಿತ್ತು" ಎಂದರು. ಆ ಬಾಯಿಗೆ ಮಾತ್ರ ಯಾವ ತೊಂದರೆಯೂ ಆಗಿಲ್ಲ, ಗಾಬರಿಪಡಬೇಡ.

ಅಲ್ಲಿಯೇ ನಮ್ಮಿಬ್ಬರಲ್ಲಿ ಮಾತಾಯಿತು. ಯಾವುದನ್ನೂ ಹಿಡಿಯದೆ ನಿಂತು ಎಪ್ಪತ್ತೊಂದು ಬಂದರೆ ನಿನ್ನ ಮನೆಗೆ ಹೋಗಲು ನನ್ನ ತಕರಾರಿಲ್ಲ. ಬರದಿದ್ದರೆ ಏಣಿಯ ಮಾತೇ ಇಲ್ಲ. ಅಂದಿನಿಂದ ಚಿಲಕ ಹಾಕುವುದು ನಿಂತಿತು. ಬೆಳಿಗ್ಗೆ ನಾನು ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ ಕೂರುತ್ತೇನೆ. ಬಗ್ಗಿದರೆ ಅವರಿಗೆ ತಲೆ ತಿರುಗುತ್ತದೆ, ಅದಕ್ಕೆ ಅವರು ಎದುರಿನ ಗೋಡೆ ನೋಡುತ್ತಾ ನಿಲ್ಲುವುದು, ನಂಬರು ಓದಿ ಹೇಳುವುದು ನಾನು. ಅರವತ್ತು ಎಂದಾಗ ಹಲ್ಲು ಕಚ್ಚುತ್ತಾರೆ, ಅರವತ್ತಮೂರು ಎಂದಾಗ ಮೀಸೆ ತಿರುವುತ್ತಾರೆ. ನಿನಗೆ ಮೊದಲು ನಡೆಯಲು ಕಲಿಸಿದ್ದೂ ಇವರೇ, ನಾನು ಹೀಗೇ ಎದುರಿಗೆ ಕೂತಿದ್ದೆ.

ನಿನ್ನೆ ಬೆಳಿಗ್ಗೆ ಎಪ್ಪತ್ತೊಂದು ಬಂತು. ಎರಡು ಕೈಯನ್ನೂ ಎದೆಯ ಮೇಲೆ ಕಟ್ಟಿಕೊಂಡು ನಿಂತಿದ್ದರು. ಕೆಳಗಿಳಿದವರೇ ಹಿತ್ತಲಿಗೆ ಹೋಗಿ ಬ್ರಷ್ಷುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ನೆನೆಹಾಕಿದರು. ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತಾರೆ, ಮಧ್ಯಾಹ್ನದ ಊಟಕ್ಕೆ ನಿನ್ನ ಮನೆಯಲ್ಲಿರುತ್ತಾರೆ. ಬಣ್ಣವನ್ನು ನೀನು ತಂದಿಡಬೇಡ, ಅಂಗಡಿಯವನು ಬೆರೆಸಿದ್ದು ಅವರಿಗೆ ಹಿಡಿಸುವುದಿಲ್ಲ.

ಈಗ ಎದುರಿಗೇ ಕೂತು ಬ್ರಷ್ಷಿನ ಕೂದಲು ಬಿಡಿಸುತ್ತಾ, "ಮುಗೀತಾ, ಕೊಡು ಓದ್ತೀನಿ" ಎಂದು ಪ್ರಾಣ ತಿನ್ನುತ್ತಿದ್ದಾರೆ. ಅವರು ಓದದೆ ನಮ್ಮ ಮನೆಯಿಂದ ಯಾವ ಕಾಗದ ತಾನೇ ಹೋಗಿದೆ. ಕೊಡುತ್ತೇನೆ. ಅಳಿಯಂದಿರಿಗೆ ಬೆನ್ನಿಗೆ ಬಿಸಿನೀರಿನ ಶಾಖ ಕೊಡು, ನೀನು ಹೊತ್ತು ಹೊತ್ತಿಗೆ ಉಣ್ಣು. ನಿಮ್ಮ ಹೊಸ ಮನೆ ತುಂಬಿ ತುಳುಕಲಿ.

ನಿನ್ನ ಪ್ರೀತಿಯ,
ಅಮ್ಮ

ಓದಿದೆ. ನಿಮ್ಮಮ್ಮ ಬರೆದದ್ದರಲ್ಲಿ ಅರ್ಧ ಉಪ್ಪು ಖಾರ. ಭಾನುವಾರ ಬರುತ್ತೇನೆ. ಏಣಿ ಉದ್ದದ್ದೇ ತರಿಸಿಡು. — ಅಪ್ಪ

ತಾಜಾ ಕಲಂ: ಇದನ್ನು ಲಾಂಡ್ರಿಯ ಕೌಂಟರಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅಂಚೆಯವನು ಬರುವ ಹೊತ್ತು. ನಿನ್ನೆ ಬಂದದ್ದು ಎಪ್ಪತ್ತೊಂದಲ್ಲ, ಅರವತ್ತನಾಲ್ಕು. ಕೈ ಕಟ್ಟಿಕೊಂಡಿದ್ದು ನಿಜ, ಆದರೆ ಸೊಂಟ ಬೇಸಿನ್ನಿಗೆ ಒರಗಿತ್ತು. ಅವರಿಗೆ ಅದು ಗೊತ್ತೇ ಆಗಿಲ್ಲ ಪುಟ್ಟಿ, ನೆಟ್ಟಗೆ ನಿಂತಿದ್ದೇನೆ ಎಂದೇ ಅಂದುಕೊಂಡಿದ್ದರು. "ಎಷ್ಟು?" ಎಂದು ಗೋಡೆ ನೋಡುತ್ತಲೇ ಕೇಳಿದರು. ಆ ಮುಖ ನೋಡಿ ನನ್ನ ಬಾಯಿಂದ ಎಪ್ಪತ್ತೊಂದು ಅಂತ ಬಂದುಬಿಟ್ಟಿತು. ಡಾಕ್ಟರನ್ನು ಹೋಗಿ ಕೇಳಿದೆ, ನೆಲದ ಮೇಲೆ ಎಷ್ಟು ಬೇಕಾದರೂ ಕೆಲಸ ಮಾಡಲಿ, ಏಣಿ ಮಾತ್ರ ಇನ್ನು ಯಾವತ್ತೂ ಬೇಡ ಎಂದರು. ನೀನು ಶನಿವಾರದೊಳಗೆ ಯಾರನ್ನಾದರೂ ಹಿಡಿದು ಆ ಎತ್ತರದ ಗೋಡೆ ಬಳಿಸಿ ಮುಗಿಸಿಬಿಡು. ಮೇಸ್ತ್ರಿ ಕೇಳದೆಯೇ ಬಳಿದು ಹೋದ ಅನ್ನು, ಕೆಟ್ಟದಾಗಿ ಬಳಿದಿದ್ದಾನೆ ಎಂದು ಅವರು ಬೈದುಕೊಂಡಿರಲಿ. ಬಾಗಿಲು, ಕಿಟಕಿ, ಗೇಟು ಮುಟ್ಟಿಸಬೇಡ, ಅವು ಅಪ್ಪನವು. ಬಸ್ಸಿನಿಂದ ಇಳಿಯುವಾಗ ಕೈ ಕೊಡಬೇಡ, ಚೀಲ ತೆಗೆದುಕೊಳ್ಳುವ ನೆಪದಲ್ಲಿ ಹತ್ತಿರ ನಿಲ್ಲು. ಸೋಮವಾರದ ಅರವತ್ತನಾಲ್ಕು ನಿನ್ನ ಫೋನಿನಲ್ಲೂ ಇರುತ್ತದೆ, ನನ್ನದರಲ್ಲಿ ಅಳಿಸಿದ್ದೇನೆ, ನೀನೂ ಅಳಿಸು. ಹೇಗೋ ಗೊತ್ತಾಗಿಬಿಟ್ಟರೆ, ಯಂತ್ರವೇ ತಪ್ಪು ತೋರಿಸಿತಂತೆ ಎಂದು ಹೇಳು. ಅದಕ್ಕೇನೂ ಬೇಜಾರಾಗುವುದಿಲ್ಲ.